ಅಕ್ಟೋಬರ್‌ನ 31 ದಿನ, 31 ಹಾರರ್ ಸಿನಿಮಾ: ಯಾವ ಪ್ರಿಂಟ್ ನೋಡಬೇಕು, ಟಿವಿ ಹೇಗಿರಬೇಕು, ವಿಮರ್ಶೆಯಲ್ಲಿ ಏನಿರಬೇಕು

#1 ಕತ್ತಲೆಕೋಣೆ

ಅಕ್ಟೋಬರ್ 1ರಿಂದ ಹ್ಯಾಲೋವೀನ್ ರಾತ್ರಿಯವರೆಗೆ ದಿನಕ್ಕೊಂದು ಹಾರರ್ ನೋಡಿ, ಪ್ರತಿಯೊಂದಕ್ಕೂ ನಾಲ್ಕು ಸಾಲು ಬರೆಯುವವರಿಗಾಗಿ ಈ ಎಳೆ. ಶುರುವಿನಲ್ಲೇ ಒಂದು ಕೋರಿಕೆ. ವಿಮರ್ಶೆಯ ಮೊದಲ ಸಾಲಿನಲ್ಲಿ ಸಿನಿಮಾದ ಹೆಸರು, ವರ್ಷ, ನೋಡಿದ ಪ್ರಿಂಟಿನ ಉದ್ದ ಎಷ್ಟು ನಿಮಿಷ ಎಂಬುದು ಇರಲಿ. ಹಾರರ್‌ನಲ್ಲಿ ಇದು ಬರೀ ಶಿಸ್ತಿನ ಮಾತಲ್ಲ. ಒಂದೇ ಹೆಸರಿನಲ್ಲಿ ಎರಡು ಮೂರು ಬೇರೆ ಬೇರೆ ಸಿನಿಮಾಗಳು ಓಡಾಡುತ್ತಿರುತ್ತವೆ.

‘ದ ಶೈನಿಂಗ್’ (1980) ಅಮೆರಿಕದಲ್ಲಿ 144 ನಿಮಿಷ, ಯುರೋಪಿಗೆ ಹೋದದ್ದು 119 ನಿಮಿಷ. ‘ದ ಎಕ್ಸಾರ್ಸಿಸ್ಟ್’ 1973ರಲ್ಲಿ 122 ನಿಮಿಷ, 2000ದಲ್ಲಿ ಬಂದದ್ದು 132. ಹುಡುಗಿ ಜೇಡದ ಹಾಗೆ ಮೆಟ್ಟಿಲಿಳಿಯುವ ದೃಶ್ಯ ಎರಡನೆಯದರಲ್ಲಿ ಮಾತ್ರ ಇದೆ. ‘ದ ವಿಕರ್ ಮ್ಯಾನ್’ (1973) 88 ನಿಮಿಷದ್ದೂ ಇದೆ, 94ರದ್ದೂ ಇದೆ, 99ರದ್ದೂ ಇದೆ. ಚಿಕ್ಕದರಲ್ಲಿ ಪೊಲೀಸಿನವನು ದ್ವೀಪದಲ್ಲಿ ಕಳೆಯುವ ಎರಡು ರಾತ್ರಿಗಳು ಒಂದೇ ರಾತ್ರಿಯಾಗಿಬಿಟ್ಟಿವೆ. ಅದನ್ನು ನೋಡಿ ‘ಪೊಲೀಸಿನವನು ಇಷ್ಟು ಬೇಗ ಹೇಗೆ ಕುಗ್ಗಿದ’ ಎಂದು ಆಕ್ಷೇಪಿಸಿದರೆ, ಆ ತಪ್ಪು ನಿರ್ದೇಶಕನದಲ್ಲ, ಕತ್ತರಿಯದು.

ಉದ್ದ ನೋಡುವಾಗ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಿ. ಸೆಕೆಂಡಿಗೆ 24 ಚೌಕಟ್ಟಿನ ಸಿನಿಮಾವನ್ನು ಹಳೆಯ ಯುರೋಪಿನ ಟಿವಿ, ಡಿವಿಡಿಗಳಿಗಾಗಿ 25ರಲ್ಲಿ ಓಡಿಸುತ್ತಿದ್ದರು. 100 ನಿಮಿಷದ ಸಿನಿಮಾ 96ಕ್ಕೆ ಮುಗಿಯುತ್ತದೆ, ಧ್ವನಿ ತುಸು ತೆಳ್ಳಗೆ ಕೇಳುತ್ತದೆ, ಆದರೆ ಒಂದು ದೃಶ್ಯವೂ ಹೋಗಿರುವುದಿಲ್ಲ. ಹಾಗಾಗಿ ವ್ಯತ್ಯಾಸ ಶೇಕಡಾ 4ರಷ್ಟೇ ಇದ್ದರೆ ‘ಕಟ್ ಆಗಿದೆ’ ಎಂದು ಬರೆಯುವ ಮುಂಚೆ ಒಮ್ಮೆ ಯೋಚಿಸಿ.

#2 ಒಂದೂಕಾಲು_ಗಂಟೆ

ವಾರದ ದಿನಗಳಲ್ಲಿ ರಾತ್ರಿ ಒಂದೂಕಾಲು ಗಂಟೆಗಿಂತ ಹೆಚ್ಚು ಬಿಡುವು ಸಿಗದವರು 31 ಮುಗಿಸಲು ಆಗುತ್ತದೆಯೇ? ಪಟ್ಟಿ ಹೇಗಿರಬೇಕು?

#3 ರೀಲುಡಬ್ಬ

ಖಂಡಿತ ಆಗುತ್ತದೆ. ಸರಾಸರಿ 95 ನಿಮಿಷ ಎಂದುಕೊಂಡರೆ 31 ಸಿನಿಮಾಕ್ಕೆ 49 ಗಂಟೆ ಬೇಕು. ವಾರದ ದಿನಗಳಿಗೆ 75 ನಿಮಿಷದೊಳಗಿನವನ್ನೂ ಶನಿವಾರ ಭಾನುವಾರಗಳಿಗೆ ಎರಡು ಗಂಟೆಯವನ್ನೂ ಇಟ್ಟರೆ 45 ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. ಸೋಲುವುದು ಸಾಮಾನ್ಯವಾಗಿ ಎರಡನೇ ವಾರದಲ್ಲಿ. ಮೊದಲ ವಾರದ ಹುರುಪಿನಲ್ಲಿ ಎರಡೂವರೆ ಗಂಟೆಯವನ್ನೇ ಸಾಲಾಗಿ ಇಟ್ಟಿರುತ್ತಾರೆ, ಒಂದು ದಿನ ತಪ್ಪಿದರೆ ಬಾಕಿ ಬೆಳೆಯುತ್ತಾ ಹೋಗುತ್ತದೆ. ಆದ್ದರಿಂದ 27 ಸಿನಿಮಾಕ್ಕೆ ಮಾತ್ರ ದಿನ ಗೊತ್ತುಮಾಡಿ, ನಾಲ್ಕನ್ನು ಬಿಡಿಯಾಗಿ ಕೈಯಲ್ಲಿಟ್ಟುಕೊಳ್ಳಿ.

ಚಿಕ್ಕ ಸಿನಿಮಾಗಳ ಗಣಿ ಎಂದರೆ 1930, 40ರ ದಶಕದ ಹಾಲಿವುಡ್. ‘ಫ್ರಾಂಕನ್‌ಸ್ಟೈನ್’ (1931), ‘ದ ಇನ್ವಿಸಿಬಲ್ ಮ್ಯಾನ್’ (1933), ‘ದ ವುಲ್ಫ್ ಮ್ಯಾನ್’ (1941) ಮೂರೂ 70 ನಿಮಿಷದ ಆಸುಪಾಸು. ‘ಬ್ರೈಡ್ ಆಫ್ ಫ್ರಾಂಕನ್‌ಸ್ಟೈನ್’ (1935) 75. ಆರ್‌ಕೆಓ ಕಂಪನಿಗೆ ವಾಲ್ ಲ್ಯೂಟನ್ ನಿರ್ಮಿಸಿದ ‘ಕ್ಯಾಟ್ ಪೀಪಲ್’ (1942) 73, ‘ಐ ವಾಕ್ಡ್ ವಿತ್ ಎ ಝಾಂಬಿ’ (1943) 69. ಇವೆರಡು ಸೆಟ್ಟಿಗೆ ದುಡ್ಡಿಲ್ಲದ್ದನ್ನು ನೆರಳಿನಿಂದ ತುಂಬಿಸಿಕೊಂಡ ಸಿನಿಮಾಗಳು. ನನ್ನ ಮಟ್ಟಿಗೆ ಇಡೀ ತಿಂಗಳ ಪಾಠ ಇವೆರಡರಲ್ಲೇ ಇದೆ.

ಜೊತೆಗೊಂದು ಸೂಚನೆ. 1931ರ ‘ಡ್ರಾಕುಲಾ’ 75 ನಿಮಿಷ. ಹಗಲು ಅದರ ಚಿತ್ರೀಕರಣ ಮುಗಿದ ಮೇಲೆ, ಅದೇ ಸೆಟ್ಟುಗಳಲ್ಲಿ ರಾತ್ರಿ ಬೇರೆ ನಟರನ್ನಿಟ್ಟು ಸ್ಪ್ಯಾನಿಷ್ ಸಿನಿಮಾ ಮಾಡಿದರು, ಅದು 104 ನಿಮಿಷ. ಶನಿವಾರ ಒಂದು, ಭಾನುವಾರ ಇನ್ನೊಂದು ನೋಡಿ. ಅದೇ ಮೆಟ್ಟಿಲು, ಅದೇ ಜೇಡರಬಲೆ ಇದ್ದೂ ಕ್ಯಾಮೆರಾ ಚಲಿಸಿದರೆ ಏನಾಗುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ.

#4 ಕೊನೆಯಸಾಲು

ಹಕ್ಕುಸ್ವಾಮ್ಯ ಇಲ್ಲದ ಸಿನಿಮಾಗಳ ವಿಷಯದಲ್ಲಿ ಎಚ್ಚರ ಬೇಕು. ‘ನೈಟ್ ಆಫ್ ದ ಲಿವಿಂಗ್ ಡೆಡ್’ (1968) ಎಲ್ಲೆಂದರಲ್ಲಿ ಬಿಟ್ಟಿ ಸಿಗುತ್ತದೆ. ಮೊದಲು ಇಟ್ಟಿದ್ದ ಹೆಸರನ್ನು ಬದಲಿಸುವಾಗ ವಿತರಕರು ಹೊಸ ಶೀರ್ಷಿಕೆಯ ಚೌಕಟ್ಟಿನಲ್ಲಿ ಹಕ್ಕಿನ ಸೂಚನೆ ಹಾಕುವುದನ್ನು ಬಿಟ್ಟರು. ಅಂದಿನ ಅಮೆರಿಕದ ಕಾನೂನಿನಲ್ಲಿ ಅಷ್ಟಕ್ಕೇ ಹಕ್ಕು ಹೋಯಿತು. ಪರಿಣಾಮವಾಗಿ ಪ್ರಿಂಟಿನ ಪ್ರಿಂಟಿನ ಪ್ರಿಂಟ್ ಎಲ್ಲರ ಕೈಗೆ ಬಂತು. ಬಹುಪಾಲು ಬಿಟ್ಟಿ ಪ್ರತಿಗಳಲ್ಲಿ ಬೂದು ಬಣ್ಣಗಳೆಲ್ಲ ಸತ್ತು, ಬರೀ ಕಪ್ಪು ಬಿಳುಪು ಉಳಿದಿರುತ್ತದೆ. 1990ರ ದಶಕದ ಕೊನೆಯಲ್ಲಿ ಹೊಸ ದೃಶ್ಯ, ಹೊಸ ಸಂಗೀತ ಸೇರಿಸಿದ ಇನ್ನೊಂದು ಬಂತು, ಅದನ್ನು ಮುಟ್ಟಲೇಬೇಡಿ. ಮೂಲ ನೆಗೆಟಿವ್‌ನಿಂದ 4ಕೆಗೆ ಶುದ್ಧೀಕರಿಸಿದ, 96 ನಿಮಿಷದ ಪ್ರತಿಯನ್ನೇ ಹುಡುಕಿ.

#5 ರೀಲುಡಬ್ಬ

ಇದಕ್ಕಿಂತ ದೊಡ್ಡ ಅನ್ಯಾಯ ಆಗಿರುವುದು ‘ನೊಸ್ಫೆರಾಟು’ಗೆ (1922). ಮೂಕಿ ಕಾಲದಲ್ಲಿ ರಾತ್ರಿಯ ದೃಶ್ಯಗಳನ್ನು ಹಗಲಲ್ಲೇ ತೆಗೆದು, ಆಮೇಲೆ ಫಿಲ್ಮಿಗೆ ನೀಲಿ ಬಣ್ಣ ಕೊಡುತ್ತಿದ್ದರು. ನೀಲಿ ಎಂದರೆ ರಾತ್ರಿ ಎಂದು ಅಂದಿನ ಪ್ರೇಕ್ಷಕರಿಗೆ ಗೊತ್ತಿತ್ತು. ಆ ಬಣ್ಣ ಹಾರಿಹೋದ ಕಪ್ಪುಬಿಳುಪು ಪ್ರತಿಯಲ್ಲಿ ರಕ್ತಪಿಶಾಚಿ ಶವಪೆಟ್ಟಿಗೆ ಹೊತ್ತುಕೊಂಡು ಸುಡುಬಿಸಿಲಲ್ಲಿ ನಡೆಯುತ್ತದೆ. ಕೊನೆಗೆ ಅದು ಸಾಯುವುದು ಯಾತರಿಂದ? ಸೂರ್ಯನ ಬೆಳಕಿನಿಂದ. ಬ್ರಾಮ್ ಸ್ಟೋಕರ್ ಕಾದಂಬರಿಯ ಡ್ರಾಕುಲಾ ಹಗಲಲ್ಲಿ ಓಡಾಡಬಲ್ಲ, ಬಿಸಿಲಿಗೆ ಕರಗುವುದು ಈ ಸಿನಿಮಾ ಸೇರಿಸಿದ ಅಂಶ. ಅಂದರೆ ಬಣ್ಣ ಹೋದರೆ ಕಥೆಯೇ ಮುರಿಯುತ್ತದೆ.

ವೇಗದ್ದೂ ಅದೇ ಕತೆ. ಸೆಕೆಂಡಿಗೆ 18 ಚೌಕಟ್ಟಿನ ಲೆಕ್ಕದಲ್ಲಿ ಸುಮಾರು 94 ನಿಮಿಷ ಬರುವ ಸಿನಿಮಾ 24ರಲ್ಲಿ ಓಡಿಸಿದರೆ 70 ನಿಮಿಷಕ್ಕೆ ಮುಗಿಯುತ್ತದೆ. ಎಲ್ಲರೂ ಕುಪ್ಪಳಿಸಿ ನಡೆಯುತ್ತಾರೆ, ನೋಡುವವರು ನಗುತ್ತಾರೆ. ‘ಹಳೆಯದು, ಈಗ ಹೆದರಿಸಲ್ಲ’ ಎಂಬ ಎಷ್ಟೋ ವಿಮರ್ಶೆಗಳ ಹಿಂದೆ ಇರುವುದು ಈ ಓಟ. ನೀಲಿ, ಹಳದಿ, ಗುಲಾಬಿ ಬಣ್ಣಗಳಿರುವ, 90 ನಿಮಿಷ ದಾಟುವ ಪ್ರತಿ ನೋಡಿ, ಆಮೇಲೆ ಬರೆಯಿರಿ.

#6 ಕತ್ತಲೆಕೋಣೆ

ಈಗ ಟಿವಿಗೆ ಬರೋಣ. ಅಂಗಡಿಯಿಂದ ಬಂದ ಟಿವಿಯನ್ನು ಹಾಗೇ ಇಟ್ಟುಕೊಂಡು ಹಾರರ್ ನೋಡಬಾರದು.

ಮೊದಲನೆಯದು, ಚಲನೆಯನ್ನು ನುಣುಪಾಗಿಸುವ ಸೌಲಭ್ಯವನ್ನು ಆಫ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಅದರ ಹೆಸರು ಪಿಕ್ಚರ್ ಕ್ಲಾರಿಟಿ ಅಥವಾ ಆಟೋ ಮೋಷನ್ ಪ್ಲಸ್, ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ. ಇದು ಎರಡು ಚೌಕಟ್ಟುಗಳ ನಡುವೆ ಇಲ್ಲದ ಚೌಕಟ್ಟನ್ನು ತಾನೇ ಹುಟ್ಟಿಸುತ್ತದೆ, ಸಿನಿಮಾ ಧಾರಾವಾಹಿಯ ಹಾಗೆ ಕಾಣುತ್ತದೆ. ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದೊಂದನ್ನು ಹಾಕಿದರೆ ಈ ಕೆಲಸ ಒಮ್ಮೆಗೇ ಆಗುತ್ತದೆ.

ಎರಡನೆಯದು, ಕೋಣೆಯ ಬೆಳಕು ನೋಡಿ ಪರದೆಯನ್ನು ಮಂಕಾಗಿಸುವ ಸೆನ್ಸರ್ ಮತ್ತು ವಿದ್ಯುತ್ ಉಳಿತಾಯ, ಎರಡನ್ನೂ ತೆಗೆಯಿರಿ. ದೀಪ ಆರಿಸಿದ ಕೂಡಲೇ ಟಿವಿಯೂ ಕುಗ್ಗಿ, ಮೂಲೆಯಲ್ಲಿ ನಿಂತಿರುವುದು ಕಾಣದೇ ಹೋಗುತ್ತದೆ.

ಮೂರನೆಯದು ಬ್ರೈಟ್‌ನೆಸ್. ಮೇಲೆ ಕೆಳಗೆ ಕಪ್ಪು ಪಟ್ಟಿ ಬರುವ ಅಗಲ ಸಿನಿಮಾ ಹಾಕಿ, ಕೋಣೆ ಕತ್ತಲಾಗಿಸಿ. ಪಟ್ಟಿ ಬೂದಾಗುವವರೆಗೆ ಅದನ್ನು (ಕೆಲವು ಟಿವಿಗಳಲ್ಲಿ ಇದರ ಹೆಸರು ಬ್ಲ್ಯಾಕ್ ಲೆವೆಲ್) ಏರಿಸಿ, ಮತ್ತೆ ಒಂದೊಂದೇ ಹೆಜ್ಜೆ ಇಳಿಸುತ್ತಾ ಪಟ್ಟಿ ಮತ್ತೆ ಕಪ್ಪಾದ ಜಾಗದಲ್ಲಿ ನಿಲ್ಲಿಸಿ. ಅದಕ್ಕಿಂತ ಇಳಿಸಿದರೆ ಕಪ್ಪಿನೊಳಗಿನ ಕಪ್ಪು ಮುಚ್ಚಿಹೋಗುತ್ತದೆ. ಇನ್ನು ಗಾಮಾ, ಅಂದರೆ ನಡುಮಟ್ಟದ ಬೆಳಕು ಎಷ್ಟು ಗಾಢವಾಗಿರಬೇಕೆಂಬ ಆಯ್ಕೆ: ಕತ್ತಲ ಕೋಣೆಗೆ 2.4, ದೀಪ ಇದ್ದರೆ 2.2.

ಸ್ಟ್ರೀಮಿಂಗ್‌ನಲ್ಲಿ ಡೇಟಾ ಉಳಿಸುವ ಆಯ್ಕೆ ಇದ್ದರೆ ಅದೂ ಬೇಡ. ಬಿಟ್‌ರೇಟ್ ಇಳಿದಾಗ ಮೊದಲು ಹಾಳಾಗುವುದು ಕತ್ತಲ ಭಾಗ, ಗೋಡೆಯ ಮೇಲೆ ಚೌಕ ಚೌಕ ಕಲೆ ಬೀಳುತ್ತದೆ. ‘ಲೇಕ್ ಮಂಗೋ’ದಂಥ (2008) ಸಿನಿಮಾದಲ್ಲಿ ಎಲ್ಲವೂ ಇರುವುದೇ ಮಸುಕು ಚಿತ್ರದ ಮೂಲೆಯಲ್ಲಿ. ಆ ಮೂಲೆ ಕಲಸಿಹೋದರೆ ಮಿಕ್ಕಿದ್ದೇನೂ ಇಲ್ಲ.

#7 ಸದ್ದುಗದ್ದಲ

ಓಎಲ್‌ಇಡಿ ಟಿವಿ ಇರುವವರಿಗೆ ಒಂದು ಮಾತು. ಕ್ಯಾಮೆರಾ ಅಲ್ಲಾಡದ ದೀರ್ಘ ಶಾಟ್ ಬಂದರೆ ಕೆಲವು ಪರದೆಗಳು ತಮ್ಮನ್ನು ಕಾಪಾಡಿಕೊಳ್ಳಲು ನಿಧಾನವಾಗಿ ಮಂಕಾಗುತ್ತವೆ. ‘ಪ್ಯಾರಾನಾರ್ಮಲ್ ಆಕ್ಟಿವಿಟಿ’ಯ ಮಲಗುವ ಕೋಣೆಯ ಶಾಟುಗಳಲ್ಲಿ ಇದು ಢಾಳಾಗಿ ಕಾಣುತ್ತದೆ. ನಿರ್ದೇಶಕರು ಬೆಳಕು ಇಳಿಸಿದರು ಎಂದುಕೊಳ್ಳಬೇಡಿ. ರಿಮೋಟಿನಲ್ಲಿ ಯಾವುದಾದರೂ ಮೆನು ತೆರೆದು ಮುಚ್ಚಿದರೆ ಬೆಳಕು ಮರಳುತ್ತದೆ.

ಇನ್ನು ಸದ್ದು. ‘ಮಾತು ಕೇಳಲ್ಲ, ಕಿರುಚಾಟ ಕಿವಿ ಕಿತ್ತುಹೋಗುವಷ್ಟು’ ಎಂಬ ದೂರಿಗೆ ಮುಖ್ಯ ಕಾರಣ ಎರಡು. ಸ್ಟ್ರೀಮಿಂಗ್ ಪೆಟ್ಟಿಗೆ 5.1, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್‌ಗೆ ಹಂಚಿದ ಸದ್ದು ಕಳಿಸುತ್ತಿರುತ್ತದೆ, ಟಿವಿಗಿರುವುದು ಎರಡೇ ಸ್ಪೀಕರ್. ಮಾತೆಲ್ಲ ಇರುವುದು ಮಧ್ಯದ ಚಾನೆಲ್‌ನಲ್ಲಿ, ಅದು ಸರಿಯಾಗಿ ಎರಡಕ್ಕೆ ಹಂಚಿಕೆಯಾಗುವುದಿಲ್ಲ. ಆಡಿಯೊ ಆಯ್ಕೆಯಲ್ಲಿ ಸ್ಟೀರಿಯೊ ಅಥವಾ ಪಿಸಿಎಂ ಹಾಕಿ. ಸೌಂಡ್‌ಬಾರ್‌ನಲ್ಲಿ ಮಧ್ಯದ ಸ್ಪೀಕರ್ ಬೇರೆಯಾಗಿದ್ದರೆ ಅದನ್ನು 2 ಅಥವಾ 3 ಡೆಸಿಬೆಲ್ ಏರಿಸಿ.

ಎರಡನೇ ಕಾರಣ ನಮ್ಮ ಕೈ. ಪಿಸುಮಾತಿನ ದೃಶ್ಯದಲ್ಲಿ ವಾಲ್ಯೂಮ್ ಏರಿಸಿದರೆ ಮುಂದಿನ ಏಟಿಗೆ ಸಿಕ್ಕಿಹಾಕಿಕೊಂಡ ಹಾಗೆಯೇ. ಮೊದಲ ಹತ್ತು ನಿಮಿಷದಲ್ಲಿ ಇಬ್ಬರು ಮಾಮೂಲಾಗಿ ಮಾತಾಡುವ ದೃಶ್ಯ ಬಂದಾಗ ಮಟ್ಟ ಗೊತ್ತುಮಾಡಿ, ಆಮೇಲೆ ರಿಮೋಟ್ ದೂರ ಇಡಿ. ನೈಟ್ ಮೋಡ್ ದೊಡ್ಡ ಸದ್ದನ್ನು ಅದುಮಿ ಚಿಕ್ಕದನ್ನು ಎತ್ತುತ್ತದೆ. ಮಗು ಮಲಗಿರುವ ಮನೆಗೆ ಸರಿ, ಆದರೆ ಅದರಲ್ಲಿ ನೋಡಿ ‘ಜಂಪ್ ಸ್ಕೇರ್ (ಥಟ್ಟನೆ ಬೆಚ್ಚಿಬೀಳಿಸುವುದು) ಸಪ್ಪೆ’ ಎಂದು ಬರೆದರೆ ಸಿನಿಮಾಕ್ಕೆ ಮೋಸ. ಟಿವಿಯ ಸಣ್ಣ ಸ್ಪೀಕರುಗಳು ಕೆಳಗಿನ ಗುಡುಗುಡು ಸದ್ದನ್ನು ಕೊಡುವುದೇ ಇಲ್ಲ. ಅದೃಶ್ಯವಾದದ್ದು ಕೋಣೆಗೆ ಬರುವ ಮುಂಚೆ ಇಂಥ ಗುಡುಗು ಇಡುವುದು ಈಚಿನ ಸಿನಿಮಾಗಳ ಪದ್ಧತಿ. ಸಬ್‌ವೂಫರ್ ಇಲ್ಲದಿದ್ದರೆ ಒಳ್ಳೆಯ ಹೆಡ್‌ಫೋನ್ ಸಾಕು.

#8 ಪುಟ್ಟಚಂದ್ರ

ಸಬ್‌ಟೈಟಲ್ ಹಾಕಿಕೊಂಡರೆ ಮಾತಿನ ತೊಂದರೆ ಇರಲ್ಲವಲ್ಲ?

#9 ಸದ್ದುಗದ್ದಲ

ಯಾವ ಸಬ್‌ಟೈಟಲ್ ಎಂಬುದು ಮುಖ್ಯ. ಕಿವಿ ಕೇಳದವರಿಗಾಗಿ ಮಾಡಿದ್ದರಲ್ಲಿ ‘ಬಾಗಿಲು ಕಿರುಗುಟ್ಟುತ್ತದೆ’, ‘ಹಿಂದೆ ಯಾರೋ ಉಸಿರಾಡುತ್ತಾರೆ’ ಎಂದೆಲ್ಲ ಬರುತ್ತದೆ, ಕೆಲವೊಮ್ಮೆ ಸದ್ದಿಗಿಂತ ಅರ್ಧ ಸೆಕೆಂಡ್ ಮೊದಲೇ. ಅವರಿಗೆ ಅದು ಬೇಕೇ ಬೇಕು. ಕೇಳುವವರಿಗೆ ಅದೇ ಗುಟ್ಟು ಒಡೆಯುತ್ತದೆ. ಎರಡೂ ಇದ್ದರೆ ಬರೀ ಸಂಭಾಷಣೆಯದನ್ನು ಆರಿಸಿ. ‘ದ ವಿಚ್’ (2015) 17ನೇ ಶತಮಾನದ ಇಂಗ್ಲಿಷಿನಲ್ಲಿದೆ, ಅದಕ್ಕಂತೂ ಸಬ್‌ಟೈಟಲ್ ಬೇಕು.

#10 ಕೊನೆಯಸಾಲು

ಭಾರತದಲ್ಲಿ ಕೂತು ನೋಡುವವರು ಇನ್ನೆರಡು ಗಮನಿಸಬೇಕು. ‘ಎ’ ಪ್ರಮಾಣಪತ್ರದ ಸಿನಿಮಾವನ್ನು ಟಿವಿ ಚಾನೆಲ್‌ನಲ್ಲಿ ಹಾಗೇ ಹಾಕುವಂತಿಲ್ಲ, ಕತ್ತರಿಸಿ ಮತ್ತೆ ಪ್ರಮಾಣಪತ್ರ ಪಡೆದದ್ದೇ ಅಲ್ಲಿ ಬರುವುದು. ಟಿವಿಯಲ್ಲಿ ನೋಡಿದ್ದನ್ನು ವಿಮರ್ಶೆಗೆ ಲೆಕ್ಕ ಹಿಡಿಯಬೇಡಿ. ಮತ್ತೆ, ಯಾರಾದರೂ ಸಿಗರೇಟು ಹಚ್ಚಿದರೆ ಕೆಳಗೆ ಎಚ್ಚರಿಕೆಯ ಸಾಲು ಬರುತ್ತದೆ, 2023ರ ಸೆಪ್ಟೆಂಬರ್‌ನಿಂದ ಒಟಿಟಿಗೂ ಆ ನಿಯಮ ಇದೆ. ಕತ್ತಲ ದೃಶ್ಯದಲ್ಲಿ ಕಣ್ಣು ಸೀದಾ ಆ ಸಾಲಿಗೆ ಹೋಗುತ್ತದೆ, ಮೂಲೆಯ ನೆರಳು ತಪ್ಪುತ್ತದೆ. ಅಂಥ ಶಾಟನ್ನು ಹಿಂದಕ್ಕೆ ಹೋಗಿ ಇನ್ನೊಮ್ಮೆ ನೋಡಿಯೇ ಮುಂದೆ ಹೋಗಿ.

ಫಿಲ್ಮಿನ ಕಣ ನೋಡಿ ‘ಕ್ವಾಲಿಟಿ ಸರಿಯಿಲ್ಲ’ ಎನ್ನುವವರಿಗೂ ಒಂದು ಮಾತು. ‘ದ ಟೆಕ್ಸಸ್ ಚೈನ್ ಸಾ ಮ್ಯಾಸಕರ್’ (1974) 16 ಎಂಎಂನಲ್ಲಿ ತೆಗೆದದ್ದು, ಕಣ ಅದರ ಚರ್ಮ. ನಾಯ್ಸ್ ರಿಡಕ್ಷನ್ ಹಾಕಿ ಉಜ್ಜಿದರೆ ಆ ಸೆಖೆ, ಆ ಜಿಡ್ಡು ಎಲ್ಲ ಹೋಗುತ್ತದೆ. ‘28 ಡೇಸ್ ಲೇಟರ್’ (2002) ಬಹುಪಾಲು ಮಿನಿ ಡಿವಿ ಎಂಬ, ಕಡಿಮೆ ಸ್ಪಷ್ಟತೆಯ ವಿಡಿಯೊ ಕ್ಯಾಮೆರಾದ್ದು, ಅದಕ್ಕೆ ದುಬಾರಿ 4ಕೆ ಹುಡುಕುವ ಅಗತ್ಯವೇ ಇಲ್ಲ.

#11 ರಸಿಕ_ಧಾರವಾಡ

ಯಂತ್ರದ ಮಾತು ಆಯಿತು, ಈಗ ಬರವಣಿಗೆ. ‘ಭಯಂಕರವಾಗಿದೆ’ ಎಂದು ಬರೆದರೆ ಓದುವವನಿಗೆ ಏನೂ ಸಿಗುವುದಿಲ್ಲ. ನಮ್ಮಲ್ಲಿ ಇದಕ್ಕೆ ಬೇಕಾದಷ್ಟು ಮಾತುಗಳಿವೆ. ನಾಟ್ಯಶಾಸ್ತ್ರ ಭಯಾನಕವನ್ನೂ ಬೀಭತ್ಸವನ್ನೂ ಬೇರೆ ರಸಗಳಾಗಿ ಇಟ್ಟಿದೆ. ಒಂದರ ಸ್ಥಾಯಿ, ಅಂದರೆ ನೆಲೆನಿಂತ ಭಾವ, ಭಯ, ಇನ್ನೊಂದರದು ಜುಗುಪ್ಸೆ. ಬಂದು ಹೋಗುವ ಸಂಚಾರಿ ಭಾವಗಳಲ್ಲಿ ಶಂಕೆ ಬೇರೆ, ತ್ರಾಸ ಬೇರೆ. ಸಿಡಿಲು ಬಡಿದಾಗ ಥಟ್ಟನೆ ಮೈ ನಡುಗುವುದು ತ್ರಾಸ. ಇಂದಿನ ಜಂಪ್ ಸ್ಕೇರ್ ಅದೇ ಅಲ್ಲವೇ?

ಇದನ್ನು ಕೈಯಲ್ಲಿಟ್ಟುಕೊಂಡು ‘ದ ಥಿಂಗ್’ (1982) ನೋಡಿ. ರಾಬ್ ಬೊಟೀನ್ ಮಾಡಿದ ಆ ಮೈ ಸೀಳುವ ದೃಶ್ಯಗಳು ಬೀಭತ್ಸ. ಆದರೆ ಸಿನಿಮಾ ನಡೆಯುವುದು ಶಂಕೆಯ ಮೇಲೆ, ಹನ್ನೆರಡು ಜನರಲ್ಲಿ ಮನುಷ್ಯ ಯಾರು, ಮನುಷ್ಯರೂಪದ ಅನ್ಯಜೀವಿ ಯಾರು ಎಂಬುದರ ಮೇಲೆ. ರಕ್ತಪರೀಕ್ಷೆಯ ದೃಶ್ಯದಲ್ಲಿ ಶಂಕೆ, ತ್ರಾಸ, ಬೀಭತ್ಸ ಒಂದರ ಹಿಂದೆ ಒಂದು ಬರುತ್ತವೆ. ಈ ಅನುಕ್ರಮ ಬರೆದರೆ ವಿಮರ್ಶೆ ಅರ್ಧ ಮುಗಿದಂತೆ.

#12 ಪುಟ್ಟಚಂದ್ರ

ನಿಮ್ಮ ಕಡೆಯೇ ತ್ರಾಸ ಅಂದರೆ ತೊಂದರೆ ಎಂದರ್ಥ ಅಲ್ಲವೇ ಸರ್? ‘ಈ ಸಿನಿಮಾದಲ್ಲಿ ತ್ರಾಸ ಜಾಸ್ತಿ’ ಎಂದರೆ ಬೇರೆಯೇ ತಿಳಿಯುತ್ತದೆ.

#13 ರಸಿಕ_ಧಾರವಾಡ

ಖರೆ. ಹಂಗಾದರೆ ಆಡುಮಾತನ್ನೇ ತಗೊಳ್ರಿ. ಬೆಚ್ಚು, ಅಳುಕು, ದಿಗಿಲು, ಹೇಸಿಗೆ. ಥಟ್ಟನೆ ಬಂದು ಹೋಗುವುದು ಬೆಚ್ಚು. ಏನೋ ಸರಿಯಿಲ್ಲ ಅನ್ನಿಸುವುದು ಅಳುಕು. ಆಗಿಯೇ ಹೋಯಿತು, ತಪ್ಪಿಸಿಕೊಳ್ಳುವ ದಾರಿಯಿಲ್ಲ ಎಂದು ಎದೆ ಕುಸಿಯುವುದು ದಿಗಿಲು. ನೋಡಲಾರದೆ ಮುಖ ತಿರುಗಿಸುವುದು ಹೇಸಿಗೆ. ಯಾವುದು, ಎಷ್ಟನೇ ನಿಮಿಷದಲ್ಲಿ, ಯಾತರಿಂದ. ಇಷ್ಟು ಬರೀರಿ.

#14 ಕತ್ತಲೆಕೋಣೆ

‘ಯಾತರಿಂದ’ ಎಂಬುದೇ ಕಷ್ಟದ ಭಾಗ. ಒಂದು ಮಾದರಿ ಕೊಡುತ್ತೇನೆ, ‘ಕ್ಯಾಟ್ ಪೀಪಲ್’ನ ಬಸ್ಸಿನ ದೃಶ್ಯ. ಒಬ್ಬಳು ರಾತ್ರಿ ಪಾರ್ಕಿನ ಪಕ್ಕದ ರಸ್ತೆಯಲ್ಲಿ ನಡೆಯುತ್ತಾಳೆ, ಹಿಂದೆ ಇನ್ನೊಬ್ಬಳು. ಸಂಗೀತ ಇಲ್ಲ, ಎರಡು ಜೋಡಿ ಹಿಮ್ಮಡಿಯ ಸದ್ದು ಮಾತ್ರ. ಸ್ವಲ್ಪ ಹೊತ್ತಿಗೆ ಹಿಂದಿನ ಜೋಡಿ ನಿಂತುಹೋಗುತ್ತದೆ. ಮುಂದಿನವಳು ತಿರುಗಿ ನೋಡಿದರೆ ಯಾರೂ ಇಲ್ಲ, ನಡಿಗೆ ಓಟವಾಗುತ್ತದೆ. ಆಗ ಬುಸ್ಸೆಂಬ ಸದ್ದಿನೊಂದಿಗೆ ಚೌಕಟ್ಟಿಗೆ ನುಗ್ಗುವುದು ಒಂದು ಬಸ್ಸು. ಹಾರರ್‌ನಲ್ಲಿ ಸುಳ್ಳು ಬೆಚ್ಚಿಗೆ ಇಂದಿಗೂ ‘ಲ್ಯೂಟನ್ ಬಸ್’ ಎಂದೇ ಹೆಸರು.

ಇಲ್ಲಿ ಹೆದರಿಸಿದ್ದು ಬಸ್ಸಲ್ಲ. ಹೆಜ್ಜೆಯ ಸದ್ದು ನಿಂತದ್ದು. ನಮ್ಮ ಕಿವಿ ಅದನ್ನು ಹುಡುಕುತ್ತಿರುವಾಗ ಬಸ್ಸು ಬಂತು. ಈಗಿನ ಸಿನಿಮಾಗಳಲ್ಲಿ ಬೆಚ್ಚು ಯಾಕೆ ಕೆಲಸ ಮಾಡಲಿಲ್ಲ ಎಂದು ಬರೆಯುವಾಗಲೂ ಇದನ್ನೇ ಕೇಳಿ: ಏಟಿಗೆ ಮೊದಲು ಕಿವಿಗೆ ಏನಾದರೂ ಹುಡುಕುವ ಕೆಲಸ ಇತ್ತೇ? ಬರೀ ಮೌನ ಇಟ್ಟು ಢಮ್ ಎಂದರೆ ಎರಡನೇ ಸಲಕ್ಕೇ ಪ್ರೇಕ್ಷಕ ಎಣಿಸಲು ಶುರುಮಾಡುತ್ತಾನೆ.

ನೋಡುವಾಗ ಫೋನ್ ಮುಟ್ಟಬೇಡಿ, ಪರದೆಯ ಬೆಳಕು ಕಣ್ಣಿನ ಕತ್ತಲ ಹೊಂದಾಣಿಕೆ ಕೆಡಿಸುತ್ತದೆ. ಮಡಿಲಲ್ಲಿ ಕಾಗದ ಇಟ್ಟು ನಿಮಿಷದ ಅಂಕಿ ಮಾತ್ರ ಗೀಚಿ, ಮುಗಿದ ಮೇಲೆ ಕಾಲು ಗಂಟೆಯೊಳಗೆ ವಾಕ್ಯ ಮಾಡಿ. ಮಾರನೇ ದಿನ ಇನ್ನೊಂದು ನೋಡಿದ ಮೇಲೆ ಎರಡರ ಮನೆಯೂ ಒಂದೇ ಮನೆಯಾಗಿ ನೆನಪಾಗುತ್ತದೆ.

#15 ಒಂದೂಕಾಲು_ಗಂಟೆ

ಅಂಕ ಕೊಡುವಾಗ ತಿಂಗಳ ಕೊನೆಗೆ ಎಲ್ಲದಕ್ಕೂ ಎರಡೂವರೆ ನಕ್ಷತ್ರವೇ ಬರುವ ಸಮಸ್ಯೆಗೆ ಪರಿಹಾರ?

#16 ರೀಲುಡಬ್ಬ

ಮೈ ಮರಗಟ್ಟುವುದು ಸಹಜ. ಮೂರು ಸಿನಿಮಾಗಳನ್ನು ಅಳತೆಗೋಲಾಗಿ ಮೊದಲೇ ಗೊತ್ತುಮಾಡಿ, 2ಕ್ಕೆ ಒಂದು, 3ಕ್ಕೆ ಒಂದು, 4ಕ್ಕೆ ಒಂದು. ಹೊಸದು ಇವುಗಳಲ್ಲಿ ಯಾವುದಕ್ಕಿಂತ ಮೇಲೆ ಎಂದು ಮಾತ್ರ ಕೇಳಿಕೊಳ್ಳಿ. ಕೊಲೆಗಾರನ ಸಿನಿಮಾ ಮೂರು ದಿನ ಸಾಲಾಗಿ ಇಡಬೇಡಿ, ಮೂರನೆಯದು ಎಷ್ಟೇ ಚೆನ್ನಾಗಿದ್ದರೂ ಸೋಲುತ್ತದೆ. ರಕ್ತದ ಮಾರನೇ ದಿನ ‘ದ ಹಾಂಟಿಂಗ್’ (1963) ತರಹದ್ದು, ಏನನ್ನೂ ತೋರಿಸದೆ ಬಾಗಿಲು ಉಬ್ಬುವುದರಲ್ಲೇ ಹೆದರಿಸುವಂಥದ್ದು ಇರಲಿ.

#17 ಪುಟ್ಟಚಂದ್ರ

ಪಟ್ಟಿಯಲ್ಲಿ ಕನ್ನಡದ್ದು ಸೇರಿಸಬಹುದೇ, ಅಥವಾ ಹ್ಯಾಲೋವೀನ್ ಎಂದರೆ ಬರೀ ಹಾಲಿವುಡ್ಡೇ?

#18 ಕೊನೆಯಸಾಲು

ಧಾರಾಳವಾಗಿ ಸೇರಿಸಿ. ‘ನಾ ನಿನ್ನ ಬಿಡಲಾರೆ’ (1979) ಮತ್ತು ‘ಎಕ್ಸಾರ್ಸಿಸ್ಟ್’ ಒಂದೇ ವಾರದಲ್ಲಿಡಿ. ಎರಡರಲ್ಲೂ ಮೈಮೇಲೆ ಬಂದದ್ದನ್ನು ಬಿಡಿಸುವುದು ನಂಬಿಕೆಯೇ, ಒಂದರಲ್ಲಿ ಪಾದ್ರಿ, ಇನ್ನೊಂದರಲ್ಲಿ ಮಂತ್ರಾಲಯ. ‘ಆಪ್ತಮಿತ್ರ’ (2004) ನೋಡುವುದಾದರೆ ಅದರ ಮೂಲ, ಮಲಯಾಳದ ‘ಮಣಿಚಿತ್ರತ್ತಾಳ್’ (1993) ಕೂಡ ನೋಡಿ. ‘6-5=2’ (2013) ಕಾಡಲ್ಲಿ ಸಿಕ್ಕ ಕ್ಯಾಮೆರಾದ ಕಥೆ, ‘ದ ಬ್ಲೇರ್ ವಿಚ್ ಪ್ರಾಜೆಕ್ಟ್’ (1999) ನೋಡಿದ ಮಾರನೇ ದಿನಕ್ಕೆ ಸರಿಹೋಗುತ್ತದೆ. ಎರಡರಲ್ಲೂ ಕ್ಯಾಮೆರಾ ಅಲ್ಲಾಡುತ್ತಲೇ ಇರುತ್ತದೆ. ತಲೆಸುತ್ತು ಬರುವವರು ಪರದೆಯಿಂದ ದೂರ ಕೂತು, ಕೋಣೆಯಲ್ಲಿ ಒಂದು ಸಣ್ಣ ದೀಪ ಇಟ್ಟುಕೊಳ್ಳಿ.

#19 ಹೊಳೆಯಾಚೆ

31ರ ರಾತ್ರಿಗೆ ‘ಹ್ಯಾಲೋವೀನ್’ (1978) ಎಂದು ಎಲ್ಲರೂ ಒಪ್ಪುತ್ತಾರೆ ಎಂದುಕೊಳ್ಳುತ್ತೇನೆ. 91 ನಿಮಿಷ. ಕ್ಯಾಲಿಫೋರ್ನಿಯಾದ ವಸಂತದಲ್ಲಿ ತೆಗೆದದ್ದು, ಉದುರಿದ ಎಲೆಗಳಿಗೆ ಬಣ್ಣ ಹಚ್ಚಿ, ಶಾಟ್ ಮುಗಿದ ಮೇಲೆ ಗುಡಿಸಿಕೊಂಡು ಮತ್ತೆ ಬಳಸಿದ್ದಾರೆ. ಹಿಂದಿನ ಮರಗಳು ಹಸಿರಾಗೇ ಇರುವುದನ್ನು ನೋಡಿ. ಅಗಲ ಚೌಕಟ್ಟಿನದ್ದೇ ಆಗಬೇಕು, ಪರದೆ ತುಂಬುವಂತೆ ಕತ್ತರಿಸಿದ್ದರಲ್ಲಿ ಅಂಚಿನಲ್ಲಿ ನಿಂತ ಕೊಲೆಗಾರ ಮೈಕಲ್ ಕಾಣುವುದೇ ಇಲ್ಲ. ಟಿವಿಗಾಗಿ ಸೇರಿಸಿದ ದೃಶ್ಯಗಳಿರುವ ಉದ್ದದ ಪ್ರತಿಯೂ ಇದೆ, ಮೊದಲ ಸಲಕ್ಕೆ ಬೇಡ. 2007ರ ಬ್ಲೂ-ರೇಯಲ್ಲಿ ರಾತ್ರಿಯ ನೀಲಿ ಮಾಸಿದೆ. ಛಾಯಾಗ್ರಾಹಕ ಡೀನ್ ಕಂಡಿ ಮೇಲ್ವಿಚಾರಣೆಯ 2013ರದ್ದು ಸರಿ.

ಅಮೆರಿಕದಲ್ಲಿರುವವರು ಇದನ್ನು ರಾತ್ರಿ ಎಂಟೂವರೆಗೆ ಇಡಿ. ಅದಕ್ಕೂ ಮುಂಚೆ ಮಕ್ಕಳು ಚಾಕೊಲೇಟಿಗೆ ಬೆಲ್ ಒತ್ತುತ್ತಲೇ ಇರುತ್ತಾರೆ. ಆಮೇಲೆ ಹೊರಗಿನ ದೀಪ ಆರಿಸಿದರೆ ಯಾರೂ ಬರುವುದಿಲ್ಲ.

ಒಟ್ಟಿಗೆ ನೋಡುವವರಿಗೆ ಗಡಿಯಾರದ ತೊಡಕೊಂದಿದೆ. ಬ್ರಿಟನ್ನಿನಲ್ಲಿ ಅಕ್ಟೋಬರ್‌ನ ಕೊನೆಯ ಭಾನುವಾರ ಗಡಿಯಾರ ಹಿಂದೆ ಹೋಗುತ್ತದೆ, ಅಮೆರಿಕದಲ್ಲಿ ನವೆಂಬರ್‌ನ ಮೊದಲ ಭಾನುವಾರ. ಹಾಗಾಗಿ ತಿಂಗಳಿಡೀ ಸರಿಯಿದ್ದ ಸಮಯ 31ಕ್ಕೆ ಲಂಡನ್ನಿನವರಿಗೆ ಒಂದು ಗಂಟೆ ತಪ್ಪುತ್ತದೆ. ಭಾರತದ ರಾತ್ರಿ 9:30 ಎಂದರೆ ಆ ದಿನ ಲಂಡನ್ನಿನಲ್ಲಿ ಸಂಜೆ 4, ನ್ಯೂಯಾರ್ಕಿನಲ್ಲಿ ಮಧ್ಯಾಹ್ನ 12, ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 9. ಬೆಳಕಲ್ಲಿ ನೋಡುವುದಕ್ಕಿಂತ ಅವರವರ ರಾತ್ರಿಯಲ್ಲಿ ನೋಡಿ, ನವೆಂಬರ್ 1ರ ಭಾರತದ ಸಂಜೆ ಮಾತಿಗೆ ಸೇರುವುದು ಮೇಲು.

#20 ಸದ್ದುಗದ್ದಲ

ವಿಮರ್ಶೆಯ ಕೊನೆಗೆ ಎಚ್ಚರಿಕೆ ಹಾಕುವುದಾದರೆ ಮಿಂಚುವ ಬೆಳಕನ್ನು ಮೊದಲು ಬರೆಯಿರಿ, ಅಪಸ್ಮಾರ ಇರುವವರಿಗೆ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಂಚು ಅಪಾಯ. ಆಮೇಲೆ ಮಕ್ಕಳ ಸಾವು, ಪ್ರಾಣಿಗಳ ಸಾವು. ನಿಮಿಷದ ಅಂಕಿ ಕೊಟ್ಟರೆ ಸಾಕು, ಏನಾಗುತ್ತದೆ ಎಂದು ಹೇಳಬೇಕಿಲ್ಲ.

#21 ಒಂದೂಕಾಲು_ಗಂಟೆ

31ನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಬರೆದಿಟ್ಟುಕೊಂಡು, ನೋಡಿದ ಸಿನಿಮಾಗಳ ದಿನಚರಿ ಇಡುವ ತಾಣ ಲೆಟರ್‌ಬಾಕ್ಸ್‌ಡ್‌ಗೆ ಒಟ್ಟಿಗೆ ಏರಿಸಬಹುದೇ?

#22 ಕತ್ತಲೆಕೋಣೆ

ಹೌದು, ಹಾಳೆಯನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಕಾಲಂ ಬೇರ್ಪಡಿಸಿದ ಸರಳ ಪಠ್ಯ) ಫೈಲ್ ಮಾಡಿ. ಹೆಸರು, ವರ್ಷ, ನಕ್ಷತ್ರ, ನೋಡಿದ ದಿನ, ಟ್ಯಾಗ್, ವಿಮರ್ಶೆ, ಒಂದೊಂದಕ್ಕೆ ಒಂದೊಂದು ಕಾಲಂ. ಕಾಲಂಗಳ ತಲೆಬರಹ ಮಾತ್ರ ಅವರು ಹೇಳಿದ ಹಾಗೇ ಇರಬೇಕು. ದಿನಾಂಕ ವರ್ಷ-ತಿಂಗಳು-ದಿನ ಕ್ರಮದಲ್ಲಿರಲಿ. ಎಕ್ಸೆಲ್ ಅದನ್ನು ತಾನೇ ದಿನ-ತಿಂಗಳು ಮಾಡಿಬಿಡುತ್ತದೆ, ಆದ್ದರಿಂದ ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ. ಉಳಿಸುವಾಗ ಯುಟಿಎಫ್-8 ಆರಿಸಿ, ಇಲ್ಲದಿದ್ದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನೆಚಿಹ್ನೆಗಳಾಗುತ್ತವೆ. ವರ್ಷ ಬಿಡಬೇಡಿ. ‘ಹ್ಯಾಲೋವೀನ್’ ಎಂದಷ್ಟೇ ಕೊಟ್ಟರೆ 1978ರದ್ದೋ, 2007ರದ್ದೋ, 2018ರದ್ದೋ ಅದಕ್ಕೆ ತಿಳಿಯದು. ಏರಿಸುವ ಮುನ್ನ ಅದು ತೋರಿಸುವ ಪೋಸ್ಟರ್‌ಗಳನ್ನು ಒಂದೊಂದಾಗಿ ನೋಡಿ, ತಪ್ಪಿದ್ದನ್ನು ಅಲ್ಲೇ ಬದಲಿಸಿ.